ಆರನೇ ಮಹಡಿಯ ಬಾಡಿಗೆದಾರ, ಆರು ಮಕ್ಕಳ ತಾಯಿ

(ಸಿನಿಮಾ ಪ್ರದರ್ಶನ ಮುಗಿದ ಮೇಲೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಯಾರಾದರೂ ಮೈಕ್ ಹಿಡಿದು ನಿಂತರೆ ನನಗೇ ಸಿಟ್ಟು ಬರುತ್ತದೆ. ಇವತ್ತು ಆ ಕೆಲಸ ನನ್ನ ಪಾಲಿಗೇ ಬಂದಿದೆ. ಸ್ವಲ್ಪ ಸಹಿಸಿಕೊಳ್ಳಿ.

ನಾವು ಈಗ ನೋಡಿದ್ದು 1977ರ ಸಿನಿಮಾ, ‘ಊನಾ ಜೋರ್ನಾತಾ ಪಾರ್ತಿಕೊಲಾರೆ’. ವಿಶೇಷವಾದ ಒಂದು ದಿನ ಅಂತ ಅರ್ಥ. ನಿರ್ದೇಶಕರು ಎತ್ತೊರೆ ಸ್ಕೋಲಾ. ಕತೆ ಏನು ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಒಂದೇ ಸಾಲಲ್ಲಿ ಹೇಳಬಹುದು. ಆರು ಮಕ್ಕಳ ತಾಯಿ ಆಂತೊನಿಯೆತ್ತಾ, ಗಂಡ ಎಮಾನುಯೆಲೆ ಮತ್ತು ಮಕ್ಕಳು ಹೊರಗೆ ಹೋದ ದಿನ, ಎದುರು ಮನೆಯ ಗಬ್ರಿಯೆಲೆ ಅನ್ನುವ ಗಂಡಸಿನ ಜೊತೆ ಮಲಗುತ್ತಾಳೆ. ಅಷ್ಟೇ.

ಇಂಥ ಕತೆಗೆ ಇಟಲಿಯ ಸಿನಿಮಾದಲ್ಲಿ ಬರವಿಲ್ಲ. ವಿಸ್ಕೊಂತಿ 1943ರಲ್ಲಿ ಮಾಡಿದ ಮೊದಲ ಸಿನಿಮಾದಲ್ಲೇ ಹೆಂಡತಿಯೂ ಅವಳ ಪ್ರಿಯಕರನೂ ಸೇರಿ ಗಂಡನನ್ನು ಮುಗಿಸುತ್ತಾರೆ. ಆಂತೊನಿಯೊನಿ 1950ರಲ್ಲಿ ಮಾಡಿದ ಮೊದಲ ಕಥಾಚಿತ್ರದಲ್ಲೂ ಶ್ರೀಮಂತನ ಹೆಂಡತಿ, ಅವಳ ಹಳೆಯ ಪ್ರೇಮಿ, ಗಂಡನನ್ನು ಕೊಲ್ಲುವ ಸಂಚು. 1961ರಲ್ಲಿ ಪಿಯೆತ್ರೊ ಜೆರ್ಮಿ ಇದನ್ನೇ ತಮಾಷೆ ಮಾಡಿದರು. ಅಲ್ಲಿ ಗಂಡನೇ ಹೆಂಡತಿಗೆ ಒಬ್ಬ ಪ್ರಿಯಕರನನ್ನು ಹುಡುಕಿಕೊಡುತ್ತಾನೆ. ಯಾಕೆ ಗೊತ್ತಾ? ಆಮೇಲೆ ‘ಮಾನ ಹೋಯಿತು’ ಅಂತ ಅವಳನ್ನು ಕೊಂದರೆ ಕಡಿಮೆ ಶಿಕ್ಷೆ ಸಿಗುತ್ತೆ ಅಂತ. ಸುಮ್ನೆ ಹುಟ್ಟಿಸಿದ ಕಲ್ಪನೆ ಅಲ್ಲ ಅದು. ಆಗ ಅಲ್ಲಿನ ದಂಡ ಸಂಹಿತೆಯ 587ನೇ ವಿಧಿ ನಿಜವಾಗಿಯೂ ಹಾಗೇ ಇತ್ತು.

ಸ್ಕೋಲಾ ಅವರ ಸಿನಿಮಾದಲ್ಲಿ ಕೊಲೆ ಇಲ್ಲ. ಯಾರೂ ಸಿಕ್ಕಿಬೀಳುವುದಿಲ್ಲ. ಗಂಡನಿಗೆ ಅನುಮಾನ ಕೂಡ ಬರುವುದಿಲ್ಲ. ಸಂಜೆ ಬಂದು ಊಟ ಮಾಡುತ್ತಾನೆ. ಹಾಗಿದ್ದರೂ ಆ ಕೊಲೆಯ ಸಿನಿಮಾಗಳಿಗಿಂತ ಇದು ಜಾಸ್ತಿ ಭಯ ಹುಟ್ಟಿಸುತ್ತದೆ. ಯಾಕೆ ಅನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ಆ ದಿನದ ಬಗ್ಗೆ. 1938ರ ಮೇ 6. ಹಿಟ್ಲರ್ ಆ ತಿಂಗಳ 3ರಿಂದ 9ರವರೆಗೆ ಇಟಲಿಯಲ್ಲಿದ್ದ. ಅವನು ರೈಲಿಂದ ಇಳಿಯಲಿ ಅಂತಲೇ ರೋಮ್‌ನಲ್ಲಿ ಹೊಸ ನಿಲ್ದಾಣ ಕಟ್ಟಿದ್ದರು. ಪೋಪ್ 11ನೇ ಪಿಯುಸ್ ಮಾತ್ರ ನಗರ ಬಿಟ್ಟು ಕಾಸ್ತೆಲ್ ಗಂಡೋಲ್ಫೊಗೆ ಹೋಗಿ ಕೂತರು. ವ್ಯಾಟಿಕನ್ನಿನ ವಸ್ತು ಸಂಗ್ರಹಾಲಯಗಳಿಗೆ ಬೀಗ ಹಾಕಿಸಿದರು. 6ನೇ ತಾರೀಕು ದೊಡ್ಡ ಸೇನಾ ಮೆರವಣಿಗೆ. ಊರಿಗೆ ಊರೇ ಅಲ್ಲಿ. ಸ್ಕೋಲಾ ಸಿನಿಮಾದ ಮೊದಲ ಕೆಲವು ನಿಮಿಷ ಆ ದಿನಗಳ ಸರ್ಕಾರಿ ವಾರ್ತಾಚಿತ್ರವನ್ನೇ ತೋರಿಸುತ್ತಾರೆ. ರೈಲು, ಬಾವುಟ, ಟೋಪಿ, ಸೆಲ್ಯೂಟ್. ಆ ಹೊತ್ತಿಗೆ ನಿಮ್ಮಲ್ಲಿ ಕೆಲವರು ಫೋನ್ ತೆಗೆದಿದ್ದನ್ನು ನಾನು ನೋಡಿದೆ. ಪರವಾಗಿಲ್ಲ. ಆ ಭಾಗ ಸ್ವಲ್ಪ ಬೇಸರ ಬರಿಸಬೇಕು ಅಂತಲೇ ಇದೆ ಅನ್ನಿಸುತ್ತದೆ. ಆ ಗದ್ದಲ ಕಿವಿಯಲ್ಲಿ ಕೂತರೆ ಆಮೇಲೆ ಬರುವ ಅಡುಗೆಮನೆಯ ಸದ್ದು ಸರಿಯಾಗಿ ಕೇಳಿಸುತ್ತದೆ.

ಸ್ಕೋಲಾ ಹುಟ್ಟಿದ್ದು 1931ರ ಮೇ 10ರಂದು. ಅಂದರೆ ಆ ಮೆರವಣಿಗೆಯಾದ ನಾಲ್ಕು ದಿನಕ್ಕೆ ಅವರಿಗೆ ಏಳು ತುಂಬಿತು. ಆಂತೊನಿಯೆತ್ತಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಯೂನಿಫಾರ್ಮ್ ತೊಡಿಸಿ ಕಳಿಸುತ್ತಾಳಲ್ಲ, ಆ ಮಕ್ಕಳ ವಯಸ್ಸಿನವರೇ ಇದನ್ನು ಮಾಡಿದ ನಿರ್ದೇಶಕರು.

ಈಗ ಕಟ್ಟಡ. ಅದು ಸೆಟ್ ಅಲ್ಲ. ರೋಮ್‌ನ ಇಪ್ಪತ್ತೊಂದನೇ ಏಪ್ರಿಲ್ ರಸ್ತೆಯಲ್ಲಿ ಇವತ್ತಿಗೂ ನಿಂತಿರುವ ಪಲಾತ್ಸೊ ಫೆದೆರಿಚಿ. 1930ರ ದಶಕದಲ್ಲಿ ಮಾರಿಯೊ ದೆ ರೆಂಜಿ ಅನ್ನುವ ವಾಸ್ತುಶಿಲ್ಪಿ ಕಟ್ಟಿಸಿದ್ದು. ನಾನೂರಕ್ಕೂ ಹೆಚ್ಚು ಮನೆ. ನಡುವೆ ಅಂಗಳ, ಸುತ್ತ ಕಿಟಕಿ. ನಮ್ಮ ವಠಾರವನ್ನೇ ಎತ್ತಿ ಒಂದರ ಮೇಲೊಂದು ಪೇರಿಸಿದ ಹಾಗಿದೆ. ಒಬ್ಬರ ಅಡುಗೆಮನೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಯಾರ ಮನೆಗೆ ಯಾರು ಬಂದರು ಅನ್ನುವುದು ಕೆಳಗೆ ಕೂತ ಕಾವಲುಗಿತ್ತಿಗೆ ಗೊತ್ತಾಗುತ್ತದೆ. ಅವತ್ತು ಎಲ್ಲರೂ ಮೆರವಣಿಗೆಗೆ ಹೋಗಿದ್ದಾರೆ. ಉಳಿದವರು ಮೂವರು. ಕೆಲಸ ಮುಗಿಯದ ಆಂತೊನಿಯೆತ್ತಾ. ಹೋಗಲು ಇಷ್ಟವೂ ಇಲ್ಲದ, ಕರೆಯೂ ಇಲ್ಲದ ಗಬ್ರಿಯೆಲೆ. ಮತ್ತೆ ಆ ಕಾವಲುಗಿತ್ತಿ, ಅವಳ ರೇಡಿಯೊ ಸಮೇತ.

ರೇಡಿಯೊ ಅಂದೆ. ಆಕೆ ಅದನ್ನು ಇಡೀ ಕಟ್ಟಡಕ್ಕೆ ಕೇಳುವಷ್ಟು ಜೋರಾಗಿ ಹಾಕಿದ್ದಾಳೆ. ನಾವು ಮೆರವಣಿಗೆಯನ್ನು ನೋಡುವುದೇ ಇಲ್ಲ, ಬರೀ ಕೇಳುತ್ತೇವೆ. ವೀಕ್ಷಕ ವಿವರಣೆ, ಬ್ಯಾಂಡು, ಜೈಕಾರ. ಇವಳು ಹಾಸಿಗೆ ಝಾಡಿಸುತ್ತಾಳೆ, ಅದು ಕೇಳುತ್ತಿರುತ್ತದೆ. ಅವನು ಪುಸ್ತಕ ಜೋಡಿಸುತ್ತಾನೆ, ಅದು ಕೇಳುತ್ತಿರುತ್ತದೆ. ಕೊನೆಗೆ ಇಬ್ಬರೂ ಅಪ್ಪಿಕೊಳ್ಳುವಾಗಲೂ ಗೋಡೆಯ ಆಚೆ ಒಂದು ಸರ್ಕಾರ ಕಿರುಚುತ್ತಲೇ ಇರುತ್ತದೆ. ಹಿನ್ನೆಲೆ ಸಂಗೀತ ಹಾಕಿ ನಮ್ಮನ್ನು ಕರಗಿಸಬಹುದಾಗಿದ್ದ ಜಾಗ ಅದು. ಸ್ಕೋಲಾ ಕರಗಲು ಬಿಡುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಮನೆಯಲ್ಲಿ ಮದುವೆಯ ಆಚೆಗಿನ ಸಂಬಂಧ ಒಂದಲ್ಲ, ಮೂರು. ಮಧ್ಯಾಹ್ನದ್ದು ಮೂರನೆಯದು.

ಮೊದಲನೆಯದು ಆಂತೊನಿಯೆತ್ತಾಗೂ ಆಗಿನ ಇಟಲಿಯ ಸರ್ವಾಧಿಕಾರಿ ಮುಸೊಲಿನಿಗೂ ಇರುವುದು. ನಗಬೇಡಿ. ಅವಳ ಹತ್ತಿರ ದೂಚೆಯ (ನಾಯಕ ಅಂತ ಅರ್ಥ, ಮುಸೊಲಿನಿಯನ್ನು ಕರೆಯುತ್ತಿದ್ದದ್ದು ಹಾಗೇ) ಚಿತ್ರಗಳ ಆಲ್ಬಮ್ ಇದೆ. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದು, ಕೆಳಗೆ ಅವನ ಮಾತುಗಳು. ಗುಂಡಿಗಳನ್ನು ಜೋಡಿಸಿ ಅವನ ಮುಖ ಮಾಡಿದ ಚಿತ್ರವೂ ಮನೆಯಲ್ಲಿದೆ. ಎಷ್ಟು ಹೊತ್ತು ಕೂತು ಮಾಡಿರಬೇಕು ಅದನ್ನು! ಆರು ಮಕ್ಕಳ ಬಟ್ಟೆ ಒಗೆದು, ಅಡುಗೆ ಮಾಡಿ, ಆಮೇಲೆ. ಒಂದು ಸಲ ವಿಲ್ಲಾ ಬೊರ್ಗೇಸೆ ಉದ್ಯಾನದಲ್ಲಿ ಅವನು ಕುದುರೆ ಮೇಲೆ ಹೋಗುತ್ತಿದ್ದನಂತೆ. ಇವಳ ಕಡೆ ನೋಡಿದನಂತೆ. ಇವಳು ಮೂರ್ಛೆ ಹೋದಳಂತೆ. ಬಸುರಿ ಅಂತ ಗೊತ್ತಾಗಿದ್ದೂ ಅವತ್ತೇ. ಇದನ್ನು ಅವಳು ಹೇಳುವ ರೀತಿ ಗಮನಿಸಿ. ಹುಡುಗಿಯೊಬ್ಬಳು ತನ್ನ ಮೊದಲ ಪ್ರೀತಿಯನ್ನು ಹೇಳಿಕೊಳ್ಳುವ ದನಿ ಅದು. ಗಂಡನ ಬಗ್ಗೆ ಅವಳು ಒಂದು ಸಲವೂ ಹಾಗೆ ಮಾತಾಡುವುದಿಲ್ಲ.

ಈ ಸಂಬಂಧಕ್ಕೆ ಗಂಡನ ಆಕ್ಷೇಪವೇ ಇಲ್ಲ. ಅವನೇ ಕರಿ ಅಂಗಿಯವನು, ಅಂದರೆ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷದವನು. ಆಕ್ಷೇಪ ಯಾಕೆ ಇರುತ್ತೆ? ಮಗು ಹೆರುವುದು ಕೂಡ ಅಲ್ಲಿ ಸರ್ಕಾರಿ ಕೆಲಸವಾಗಿತ್ತು. ಹೆಚ್ಚು ಮಕ್ಕಳ ಕುಟುಂಬಗಳಿಗೆ 1928ರಿಂದಲೇ ತೆರಿಗೆ ರಿಯಾಯಿತಿ. ಮದುವೆಯಾಗದ ಗಂಡಸರಿಗೆ 1927ರಿಂದ ತೆರಿಗೆ, ಗಬ್ರಿಯೆಲೆ ಕಟ್ಟುತ್ತಿರುವುದು ಅದನ್ನೇ. ಒಂಟಿತನವನ್ನೇನೋ ಆಸ್ತಿ ಅಂದುಕೊಂಡ ಹಾಗೆ ತೆರಿಗೆ ಹಾಕುತ್ತಾರೆ ಅಂತ ಅವನು ಗೊಣಗುವುದು ಇದಕ್ಕೇ. ಎಮಾನುಯೆಲೆಗೆ ಆರಾಗಿದೆ, ಏಳನೆಯದು ಬೇಕು. ಏಳಾದರೆ ದೊಡ್ಡ ಕುಟುಂಬದ ಬಹುಮಾನ ಸಿಗುತ್ತದೆ. ಆ ಮಂಚದಲ್ಲಿ ಗಂಡ, ಹೆಂಡತಿ, ನಡುವೆ ದೂಚೆ. ಮೂವರೂ ಮೊದಲಿಂದಲೇ ಇದ್ದಾರೆ.

ಎರಡನೆಯದು ಎಮಾನುಯೆಲೆಯದ್ದು. ಅವನಿಗೆ ಒಬ್ಬಳು ಶಾಲಾ ಶಿಕ್ಷಕಿಯ ಸಹವಾಸ ಇದೆ. ಆಕೆ ಬರೆದ ಪತ್ರ ಆಂತೊನಿಯೆತ್ತಾಗೆ ಸಿಕ್ಕಿದೆ. ಅವಳಿಗೆ ನೋವಾಗಿದ್ದು ಗಂಡ ಇನ್ನೊಬ್ಬಳ ಹತ್ತಿರ ಹೋದ ಅಂತಲ್ಲ, ಅಷ್ಟು ಮಾತ್ರ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಆ ಇನ್ನೊಬ್ಬಳಿಗೆ ಚೆಂದಾಗಿ ಬರೆಯಲು ಬರುತ್ತದೆ. ಇವಳು ಓದು ಕಲಿತದ್ದು ಅಷ್ಟಕ್ಕಷ್ಟೇ. ನನ್ನಂಥ ಓದದವಳಿಗೆ ಏನು ಬೇಕಾದರೂ ಮಾಡಬಹುದು, ಯಾಕೆಂದರೆ ಮರ್ಯಾದೆಯೇ ಇಲ್ಲ ಅಂತ ಅವಳು ಗಬ್ರಿಯೆಲೆ ಹತ್ತಿರ ಹೇಳುವಾಗ ದನಿಯಲ್ಲಿ ಅಳು ಇಲ್ಲ. ಬೆಲೆ ಏರಿತು ಅಂತ ಹೇಳುವ ಹಾಗೆ ಹೇಳುತ್ತಾಳೆ. ನನ್ನ ಪ್ರಕಾರ, ಆಂತೊನಿಯೆತ್ತಾ ಆಗಿ ನಟಿಸಿದ ಸೋಫಿಯಾ ಲೊರೆನ್ ಅವರ ಇಡೀ ಜೀವನದ ಅತ್ಯುತ್ತಮ ನಿಮಿಷ ಅದು.

ಈ ಪತ್ರದ ವಿಷಯ ಮನಸ್ಸಲ್ಲಿಟ್ಟುಕೊಂಡರೆ ಪುಸ್ತಕದ ವಿಷಯವೂ ಅರ್ಥವಾಗುತ್ತದೆ. ಗಬ್ರಿಯೆಲೆ ಅವಳಿಗೆ ‘ತ್ರೀ ಮಸ್ಕಿಟಿಯರ್ಸ್’ ಕೊಡುತ್ತಾನೆ. ಇವಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಅನ್ನುವ ಮುಖ ಮಾಡದೆ ಕೊಡುತ್ತಾನೆ. ಅಷ್ಟು ಸಾಕಾಯಿತು ಅವಳಿಗೆ.

ಇನ್ನು ಆ ಕಾಫಿಯ ದೃಶ್ಯ. ನಿಧಾನವಾಗಿ ನೋಡೋಣ, ಯಾಕೆಂದರೆ ಪ್ರೇಮ ಶುರುವಾಗುವುದು ಹಾಸಿಗೆಯಲ್ಲಿ ಅಲ್ಲ, ಇಲ್ಲಿ. ಅವರ ಪರಿಚಯ ಆಗಿದ್ದು ಒಂದು ಮೈನಾದಿಂದ. ರೋಸ್ಮುಂಡಾ ಅಂತ ಹೆಸರು. ಪಂಜರದಿಂದ ತಪ್ಪಿಸಿಕೊಂಡು ಅಂಗಳ ದಾಟಿ ಎದುರು ಕಿಟಕಿಯ ಹತ್ತಿರ ಕೂತಿತು, ಇವಳು ಹೋಗಿ ಬಾಗಿಲು ತಟ್ಟಿದಳು. ಆ ಹೊತ್ತಿಗೆ ಅವನ ಮೇಜಿನ ಮೇಲೆ ಪಿಸ್ತೂಲು ಇತ್ತು ಅನ್ನುವುದು ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆಮೇಲೆ ಪುಸ್ತಕದ ನೆಪದಲ್ಲಿ ಅವನು ಇವಳ ಮನೆಗೆ ಬರುತ್ತಾನೆ. ಕಾಫಿ ಕುಡಿಯುತ್ತೀರಾ ಅಂತ ಇವಳು ಕೇಳುತ್ತಾಳೆ. ಬೀಜ ಪುಡಿ ಮಾಡುವ ಕೆಲಸ ಅವನು ವಹಿಸಿಕೊಳ್ಳುತ್ತಾನೆ.

ಅವನು ಕೈಗಿರಣಿ ತಿರುಗಿಸುತ್ತಿದ್ದಾನೆ. ಇವಳು ಒಳಗೆ ಓಡುತ್ತಾಳೆ. ಕನ್ನಡಿ ಮುಂದೆ ನಿಂತು ಕೂದಲು ಸರಿ ಮಾಡಿಕೊಳ್ಳುತ್ತಾಳೆ, ಹಣೆ ಮೇಲೆ ಒಂದು ಎಳೆ ಎಳೆದುಕೊಳ್ಳುತ್ತಾಳೆ. ಬೆಳಿಗ್ಗೆಯಿಂದ ಅದೇ ಮಾಸಿದ ಮನೆಬಟ್ಟೆ, ಸವೆದ ಚಪ್ಪಲಿ, ಕಾಲುಚೀಲದಲ್ಲಿ ಹರಿದ ಗೆರೆ. ಅವನ ಮನೆಯಲ್ಲಿದ್ದಾಗಲೇ ಆ ಹರಿದದ್ದನ್ನು ಮುಚ್ಚಿಕೊಳ್ಳಲು ಅವಳು ಪಟ್ಟ ಪಾಡು ನೋಡಿದ್ದೇವೆ. ಅಷ್ಟರಲ್ಲಿ ಹೊರಗೆ ಇವನು ಮಕ್ಕಳ ಸ್ಕೂಟರ್ ಹತ್ತಿ ಮನೆಯೊಳಗೆ ಸುತ್ತು ಹಾಕುತ್ತಾನೆ. ದೊಡ್ಡ ಮನುಷ್ಯ, ಕೆಲವೇ ಗಂಟೆ ಮುಂಚೆ ಸಾಯಲು ಹೊರಟಿದ್ದವನು. ಆಮೇಲೆ, ಎಲ್ಲರ ತಲೆಗೂ ಬಡಿಯುತ್ತಿದ್ದ ಅಡುಗೆಮನೆಯ ತೂಗುದೀಪವನ್ನು ಸರಿ ಮಾಡಿಕೊಡುತ್ತಾನೆ. ಎಮಾನುಯೆಲೆಯ ಕೈಯಲ್ಲಿ ಆಗದೇ ಉಳಿದ ಕೆಲಸ ಅದು.

ಈ ಮನೆಯಲ್ಲಿ ಗಂಡಸೊಬ್ಬ ಕಾಫಿ ಪುಡಿ ಮಾಡಿದ್ದು ಬಹುಶಃ ಅದೇ ಮೊದಲು. ಗಂಡಸಿನ ಬಗ್ಗೆ ಅವಳ ಆಲ್ಬಮ್ ಏನು ಹೇಳುತ್ತದೆ ಕೇಳಿ: ಗಂಡನಾಗಿರಬೇಕು, ತಂದೆಯಾಗಿರಬೇಕು, ಸೈನಿಕನಾಗಿರಬೇಕು. ಗಬ್ರಿಯೆಲೆ ಅದನ್ನು ಓದಿ, ನಾನು ಮೂರೂ ಅಲ್ಲ ಅನ್ನುತ್ತಾನೆ. ಅದೇ ಆಲ್ಬಮ್ಮಿನಲ್ಲಿ, ಪ್ರತಿಭೆ ಅನ್ನುವುದು ಗಂಡಸಿಗೆ ಮಾತ್ರ ಅನ್ನುವ ಮಾತೂ ಇದೆ. ನೀವು ಒಪ್ಪುತ್ತೀರಾ ಅಂತ ಅವನು ಕೇಳಿದಾಗ, ಅದರಲ್ಲೇನಿದೆ, ಚರಿತ್ರೆಯ ಪುಸ್ತಕದ ತುಂಬ ಗಂಡಸರೇ ಅಲ್ವಾ ಅನ್ನುವ ಧಾಟಿಯಲ್ಲಿ ಉತ್ತರಿಸುತ್ತಾಳೆ. ತಾನೇ ಕತ್ತರಿಸಿ ಅಂಟಿಸಿದ ವಾಕ್ಯದ ಬಗ್ಗೆ ಅವಳನ್ನು ಯಾರೂ ಅಲ್ಲಿಯವರೆಗೆ ಅಭಿಪ್ರಾಯ ಕೇಳಿರಲಿಲ್ಲ.

ಆಮೇಲೆ ತಾರಸಿ. ಒಣಗಿದ ಬಟ್ಟೆ ತರಲು ಇವಳು ಹೋಗುತ್ತಾಳೆ, ಅವನೂ ಹಿಂದೆ ಬರುತ್ತಾನೆ. ಬಿಳಿ ಹಾಸುಬಟ್ಟೆಗಳ ನಡುವೆ ಚೇಷ್ಟೆ. ಹಿಂದಿನಿಂದ ಬಂದು ಬಟ್ಟೆ ಸುತ್ತುತ್ತಾನೆ. ಇವಳು ಅದನ್ನು ಬೇರೆ ಥರ ತಿಳಿದುಕೊಳ್ಳುತ್ತಾಳೆ. ಎಲ್ಲ ಗಂಡಸರೂ ಒಂದೇ ಅಂತ ಬೈಯುತ್ತಾಳೆ, ಬೈಯುತ್ತಲೇ ಅವನನ್ನು ಮುದ್ದಿಸುತ್ತಾಳೆ. ಆಗ ಅವನು ನಿಜ ಹೇಳುತ್ತಾನೆ. ತಾನು ಅಂಥವನಲ್ಲ, ತನಗೆ ಬೇಕಾದದ್ದು ಗಂಡಸರ ಪ್ರೀತಿ, ರೇಡಿಯೊ ಕೆಲಸದಿಂದ ತೆಗೆದದ್ದೂ ಅದಕ್ಕೇ. ಅವಳು ಕೆನ್ನೆಗೆ ಬಾರಿಸುತ್ತಾಳೆ. ಅವನು ಮೆಟ್ಟಿಲ ಸಾಲಿನ ಉದ್ದಕ್ಕೂ, ಕಾವಲುಗಿತ್ತಿಗೂ ಕೇಳಲಿ ಅಂತ, ಆರನೇ ಮಹಡಿಯ ಬಾಡಿಗೆದಾರ ಯಾರು ಏನು ಅಂತ ಕಿರುಚಿ ಹೇಳುತ್ತಾನೆ.

ಕಾವಲುಗಿತ್ತಿ ಮೊದಲೇ ಎಚ್ಚರಿಸಿದ್ದಳು: ಆ ಮನುಷ್ಯ ಫ್ಯಾಸಿಸಂ ವಿರೋಧಿ, ಹುಷಾರು. ಅದಕ್ಕೆ ಗಬ್ರಿಯೆಲೆ ಕೊಡುವ ಉತ್ತರ ಇಟಲಿಯಲ್ಲಿ ಜನರ ಬಾಯಲ್ಲಿ ಉಳಿದಿದೆ. ಆರನೇ ಮಹಡಿಯ ಬಾಡಿಗೆದಾರ ಫ್ಯಾಸಿಸಂ ವಿರೋಧಿ ಅಂತ ನನಗೆ ಅನಿಸುವುದಿಲ್ಲ, ಬೇಕಾದರೆ ಫ್ಯಾಸಿಸಮ್ಮೇ ಆರನೇ ಮಹಡಿಯ ಬಾಡಿಗೆದಾರನಿಗೆ ವಿರೋಧಿ ಅನ್ನಿ ಅಂತ. ಅವನು ಹೋರಾಟಗಾರ ಅಲ್ಲ. ಸುಮ್ನೆ ಬದುಕಿಕೊಂಡು ಹೋಗಲು ಬಿಟ್ಟಿದ್ದರೆ ಬಹುಶಃ ರೇಡಿಯೊದಲ್ಲಿ ಇದೇ ಮೆರವಣಿಗೆಯ ವಿವರ ಓದಿಕೊಂಡು ಇರುತ್ತಿದ್ದ. ಆ ಪಾತ್ರದಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ.

ಅವನನ್ನು ಸಾರ್ಡೀನಿಯಾ ದ್ವೀಪಕ್ಕೆ ಗಡಿಪಾರು ಮಾಡಿ ಕಳಿಸುತ್ತಿದ್ದಾರೆ. ಇದು ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. 1930ರ ದಂಡ ಸಂಹಿತೆಯಲ್ಲಿ ಸಲಿಂಗ ಪ್ರೇಮದ ಬಗ್ಗೆ ಒಂದು ವಿಧಿಯೂ ಇರಲಿಲ್ಲ. ಉದಾರ ಮನಸ್ಸಿನಿಂದ ಬಿಟ್ಟದ್ದಲ್ಲ. ಕರಡಿನಲ್ಲಿ ಇತ್ತು, ಆಮೇಲೆ ತೆಗೆದರು. ಇಟಲಿಯಲ್ಲಿ ಅಂಥವರೇ ಇಲ್ಲ, ಇಲ್ಲದ ಅಪರಾಧಕ್ಕೆ ಕಾನೂನು ಯಾಕೆ ಅನ್ನುವುದು ಅವರ ವಾದ. ಹಾಗಾಗಿ ಕೋರ್ಟು ಇಲ್ಲ, ವಿಚಾರಣೆ ಇಲ್ಲ. ಪೊಲೀಸರೇ ಹೆಸರು ಬರೆದು ದೂರದ ದ್ವೀಪಕ್ಕೋ ಹಳ್ಳಿಗೋ ಗಡಿಪಾರು ಮಾಡುತ್ತಿದ್ದರು. ಸಿನಿಮಾದ ಕಾಲಕ್ಕೆ ಹತ್ತಿರದಲ್ಲೇ, 1939ರಲ್ಲಿ, ಸಿಸಿಲಿಯ ಕತಾನಿಯಾ ನಗರದಿಂದ ಹತ್ತಾರು ಗಂಡಸರನ್ನು ಹೀಗೇ ಹಿಡಿದು ತ್ರೆಮಿತಿ ದ್ವೀಪಗಳಲ್ಲಿ ಒಂದಾದ ಸಾನ್ ದೋಮಿನೊಗೆ ಕಳಿಸಿದ್ದರು.

ಈಗ ಮೂರನೆಯ ಸಂಬಂಧ. ಜಗಳವಾದ ಮೇಲೆ ಆಂತೊನಿಯೆತ್ತಾ ತಾನಾಗಿ ಅವನ ಮನೆಗೆ ಹೋಗುತ್ತಾಳೆ. ಕ್ಷಮೆ ಕೇಳುತ್ತಾಳೆ. ಅವನು ಮೊಟ್ಟೆ ಹಾಕಿ ಅಡುಗೆ ಮಾಡುತ್ತಾನೆ, ಇಬ್ಬರೂ ತಿನ್ನುತ್ತಾರೆ. ಆಮೇಲೆ ಅವಳೇ ಮುಂದುವರಿಯುತ್ತಾಳೆ. ಅವನು ಒಪ್ಪುತ್ತಾನೋ ಅವಳಿಗೆ ಬೇಕಾದ್ದನ್ನು ಕೊಡುತ್ತಾನೋ ಹೇಳುವುದು ಕಷ್ಟ. ಗಬ್ರಿಯೆಲೆ ಆಗಿ ನಟಿಸಿದ ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ ಅವರ ಮುಖ ಆ ಹೊತ್ತಿನಲ್ಲಿ ಸುಖದ ಮುಖ ಅಲ್ಲ. ದಯೆ ಇದೆ, ದುಃಖ ಇದೆ, ಸ್ವಲ್ಪ ಆಶ್ಚರ್ಯವೂ ಇದೆ. ಆಮೇಲೆ, ಚೆನ್ನಾಗಿತ್ತು, ಆದರೆ ಇದರಿಂದ ಏನೂ ಬದಲಾಗುವುದಿಲ್ಲ ಅನ್ನುತ್ತಾನೆ. ಅವಳು ಅವನನ್ನು ‘ಸರಿಮಾಡಿದಳು’ ಅಂತ ಕತೆ ತಿರುಗಿಸಿದ್ದರೆ ನಾನು ಈ ಸಿನಿಮಾವನ್ನು ಇಲ್ಲಿ ಹಾಕುತ್ತಲೇ ಇರಲಿಲ್ಲ.

ಕಾನೂನಿನ ಕಣ್ಣಲ್ಲಿ ಈ ಮೂರನ್ನೂ ಅಳೆದು ನೋಡೋಣ. ದೂಚೆಯ ಮೇಲಿನ ಮೋಹ ದೇಶಭಕ್ತಿ. ಗಂಡ ಮತ್ತು ಆ ಶಿಕ್ಷಕಿಯದು? ಸಂಹಿತೆಯ 560ನೇ ವಿಧಿಯ ಪ್ರಕಾರ, ಅವನು ಆಕೆಯನ್ನು ಮನೆಯಲ್ಲೇ ತಂದಿಟ್ಟುಕೊಂಡರೆ, ಇಲ್ಲವೇ ಊರಿಗೆಲ್ಲ ಗೊತ್ತಾಗುವ ಹಾಗೆ ಬೇರೆ ಕಡೆ ಇಟ್ಟುಕೊಂಡರೆ ಮಾತ್ರ ಅಪರಾಧ. ಇಲ್ಲದಿದ್ದರೆ ಏನೂ ಇಲ್ಲ. ಹೆಂಡತಿಯದು? 559ನೇ ವಿಧಿ. ಒಂದು ಸಲ ಸಾಕು. ಗಂಡ ದೂರು ಕೊಟ್ಟರೆ ಒಂದು ವರ್ಷದವರೆಗೆ ಜೈಲು. ಜೊತೆಗಿದ್ದ ಗಂಡಸಿಗೂ ಅಷ್ಟೇ. ಅಂದರೆ, ಗಂಡಸೇ ಅಲ್ಲ ಅಂತ ಗಡಿಪಾರಾಗುತ್ತಿರುವ ಗಬ್ರಿಯೆಲೆಯನ್ನು ಅದೇ ಮಧ್ಯಾಹ್ನ ಇನ್ನೊಬ್ಬನ ಹೆಂಡತಿಯ ಜೊತೆ ಮಲಗಿದ ತಪ್ಪಿಗೆ ಒಳಗೆ ಹಾಕಬಹುದಿತ್ತು.

ಈ 559 ಮುಸೊಲಿನಿಯ ಜೊತೆ ಹೋಗಲಿಲ್ಲ. ಯುದ್ಧ ಮುಗಿಯಿತು, ಗಣರಾಜ್ಯ ಬಂತು, ಸಮಾನತೆಯ ಸಂವಿಧಾನ ಬಂತು, ಈ ವಿಧಿ ಮಾತ್ರ ಇತ್ತು. 1961ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು ಕೂಡ. ಅದೇ ನ್ಯಾಯಾಲಯ 1968ರ ಡಿಸೆಂಬರ್‌ನಲ್ಲಿ ಅದನ್ನು ಹೊಡೆದುಹಾಕಿತು. ವಿಚ್ಛೇದನ ಬಂದದ್ದು 1970ರಲ್ಲಿ. ಅದು ಬೇಡ ಅಂದವರು 1974ರಲ್ಲಿ ಜನಮತಗಣನೆ ಮಾಡಿಸಿದರು, ಸುಮಾರು ಶೇಕಡ 59 ಜನ ವಿಚ್ಛೇದನ ಇರಲಿ ಅಂದರು. ಗಂಡನೇ ಮನೆಯ ಯಜಮಾನ ಅನ್ನುವ ಕಾನೂನು ಹೋದದ್ದು 1975ರಲ್ಲಿ. ಮಾನದ ಹೆಸರಿನ ಕೊಲೆಗೆ ರಿಯಾಯಿತಿ ಕೊಡುವ ವಿಧಿ 1981ರವರೆಗೂ ಇತ್ತು. ಅಂದರೆ ಈ ಸಿನಿಮಾ ಬಿಡುಗಡೆಯಾದಾಗ ಅದು ಇನ್ನೂ ಜೀವಂತ.

ನಗುವ ಮುಂಚೆ ನಮ್ಮದನ್ನೂ ನೆನಪಿಸಿಕೊಳ್ಳಬೇಕು. ನಮ್ಮ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್‌ನಿಂದ ಒಪ್ಪಿಗೆಯ ಸಲಿಂಗ ಪ್ರೇಮವನ್ನು ಬಿಡಿಸಿದ್ದು 2018ರ ಸೆಪ್ಟೆಂಬರ್ 6ಕ್ಕೆ. ವ್ಯಭಿಚಾರದ 497ನೇ ಸೆಕ್ಷನ್ ಬಿದ್ದದ್ದು ಅದೇ ತಿಂಗಳ 27ಕ್ಕೆ. ಗಬ್ರಿಯೆಲೆಯ ತಪ್ಪು, ಆಂತೊನಿಯೆತ್ತಾಳ ತಪ್ಪು, ಎರಡೂ ಇಲ್ಲಿ ಮೂರು ವಾರದ ಅಂತರದಲ್ಲಿ ತಪ್ಪಲ್ಲ ಅಂತಾದವು. ನಮ್ಮ 497 ಇನ್ನೂ ವಿಚಿತ್ರವಾಗಿತ್ತು. ಹೆಂಡತಿಗೆ ಶಿಕ್ಷೆಯೇ ಇಲ್ಲ, ಇನ್ನೊಬ್ಬ ಗಂಡಸಿಗೆ ಮಾತ್ರ. ಅವಳನ್ನು ಗಂಡನ ಸ್ವತ್ತಿನ ಲೆಕ್ಕದಲ್ಲಿ ನೋಡಿತ್ತು ಆ ಸೆಕ್ಷನ್.

ನಟರ ಬಗ್ಗೆ ಎರಡು ಮಾತು. ಲೊರೆನ್ ಮತ್ತು ಮಾಸ್ತ್ರೊಯಾನ್ನಿ ಆ ಹೊತ್ತಿಗೆ ಇಟಲಿಯ ದೊಡ್ಡ ಜೋಡಿ. 1950ರ ದಶಕದಿಂದಲೂ ಒಟ್ಟಿಗೆ ನಟಿಸಿದವರು. ಅವಳು ಅಂದರೆ ಸೌಂದರ್ಯ, ಅವನು ಅಂದರೆ ಹೆಣ್ಣುಗಳ ಕನಸು. ಪ್ರೇಕ್ಷಕರು ಅದನ್ನೇ ನಿರೀಕ್ಷಿಸಿ ಬಂದಿರುತ್ತಾರೆ. ಸ್ಕೋಲಾ ಅವಳನ್ನು ಮೇಕಪ್ ಇಲ್ಲದೆ ಪಾತ್ರೆ ತೊಳೆಯಲು ನಿಲ್ಲಿಸಿದರು, ಅವನಿಗೆ ಹೆಣ್ಣು ಬೇಡದ ಪಾತ್ರ ಕೊಟ್ಟರು. ಬಣ್ಣಗಳನ್ನೂ ಅಷ್ಟೇ, ಛಾಯಾಗ್ರಾಹಕ ಪಾಸ್ಕ್ವಲಿನೊ ದೆ ಸಾಂತಿಸ್ ಹೆಚ್ಚು ಕಡಿಮೆ ಬೂದು ಕಂದಿಗೆ ಇಳಿಸಿಬಿಟ್ಟರು. ಆ ವರ್ಷ ಮಾಸ್ತ್ರೊಯಾನ್ನಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಸಿನಿಮಾಗೆ ಗೋಲ್ಡನ್ ಗ್ಲೋಬ್ ಬಂತು. ಕಾನ್ ಚಿತ್ರೋತ್ಸವದಲ್ಲಿ ಏನೂ ಸಿಗಲಿಲ್ಲ. ಅಲ್ಲಿಯ ಮುಖ್ಯ ಪ್ರಶಸ್ತಿ ಪಾಮ್ ಆ ವರ್ಷ ಇನ್ನೊಂದು ಇಟಾಲಿಯನ್ ಸಿನಿಮಾಗೆ, ತಾವಿಯಾನಿ ಸಹೋದರರದಕ್ಕೆ ಹೋಯಿತು.

ಮನೆಯ ಮಕ್ಕಳಲ್ಲಿ ಒಬ್ಬ ಹುಡುಗಿಯ ಪಾತ್ರ ಮಾಡಿದವರು ಯಾರು ಗೊತ್ತಾ? ಅಲೆಸ್ಸಾಂದ್ರಾ ಮುಸೊಲಿನಿ. ಹೌದು, ದೂಚೆಯ ಸ್ವಂತ ಮೊಮ್ಮಗಳು. ಲೊರೆನ್ ಅವರ ತಂಗಿ ಮದುವೆಯಾದದ್ದು ಮುಸೊಲಿನಿಯ ಮಗ, ಜಾಜ್ ಪಿಯಾನೊ ವಾದಕ ರೊಮಾನೊ ಅವರನ್ನು. ಹಾಗಾಗಿ ಆ ಹುಡುಗಿ ಲೊರೆನ್‌ಗೆ ಅಕ್ಕರೆಯ ತಂಗಿಮಗಳು, ಆಮೇಲೆ ಬಲಪಂಥದ ರಾಜಕಾರಣಿ. ದೊಡ್ಡಮ್ಮನಿಂದ ಬೆಳಿಗ್ಗೆ ಎಬ್ಬಿಸಿಕೊಂಡು, ಅಜ್ಜನ ಮೆರವಣಿಗೆಗೆ ಹೊರಡುವ ಪಾತ್ರ! ಇದನ್ನು ಕತೆಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತೇವೆ.

ಇನ್ನೊಂದು. ಈ ಸಿನಿಮಾದ ನಿರ್ಮಾಪಕ ಕಾರ್ಲೊ ಪೊಂಟಿ, ಲೊರೆನ್ ಅವರ ಗಂಡ. ಪೊಂಟಿಗೆ ಮೊದಲೇ ಮದುವೆಯಾಗಿತ್ತು, ಇಟಲಿಯಲ್ಲಿ ವಿಚ್ಛೇದನ ಇರಲಿಲ್ಲ. 1957ರಲ್ಲಿ ಮೆಕ್ಸಿಕೊದಲ್ಲಿ ವಕೀಲರ ಮೂಲಕ ಮದುವೆ ಮಾಡಿಸಿಕೊಂಡರು. ಇಟಲಿ ಒಪ್ಪಲಿಲ್ಲ, ಪೊಂಟಿ ಮೇಲೆ ಇಬ್ಬರು ಹೆಂಡಿರ ಆರೋಪ ಬಂತು. ಕೊನೆಗೆ 1962ರಲ್ಲಿ ಆ ಮದುವೆಯನ್ನು ರದ್ದು ಮಾಡಿಸಿಕೊಂಡು, ಫ್ರಾನ್ಸಿನ ಪೌರತ್ವ ಪಡೆದು, 1966ರಲ್ಲಿ ಅಲ್ಲಿ ಮತ್ತೆ ಮದುವೆಯಾದರು. ಸರ್ಕಾರ ಮಲಗುವ ಕೋಣೆಗೆ ಬಂದು ಕೂರುವುದು ಅಂದರೇನು ಅಂತ ಆಂತೊನಿಯೆತ್ತಾ ಆಗಿ ನಟಿಸಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಮಾತು ಇಷ್ಟೇ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: “ಕೊನೆಗೆ ಅವಳು ಏನೂ ಮಾಡಲಿಲ್ಲವಲ್ಲ? ಅವನನ್ನು ಕರೆದುಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿ, ದೀಪ ಆರಿಸಿ, ಗಂಡನ ಪಕ್ಕ ಹೋಗಿ ಮಲಗಿದಳು. ಇಷ್ಟಕ್ಕೆ ಇಷ್ಟು ದೊಡ್ಡ ಸಿನಿಮಾ ಯಾಕೆ ಸ್ವಾಮಿ?”

ಏನು ಮಾಡಬಹುದಿತ್ತು ಹೇಳಿ ಸರ್. ಆರು ಮಕ್ಕಳು, ಕೈಯಲ್ಲಿ ಕಾಸಿಲ್ಲ, ವಿಚ್ಛೇದನ ಇಲ್ಲ, ಬಾಯಿಬಿಟ್ಟರೆ ಜೈಲು. ಬಂಡಾಯ ಏಳುವ ನಾಯಕಿ ಸಿಗುವುದು ಸುಲಭ, ಬರೆಯುವವನ ಕೈಯಲ್ಲಿದೆ. ಇವಳು ಒಂದು ಕೆಲಸ ಮಾಡಿದಳು. ಗಂಡ ಮಲಗಲು ಕರೆದಾಗ ತಕ್ಷಣ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತು ಆ ಪುಸ್ತಕದ ಮೊದಲ ಸಾಲುಗಳನ್ನು ಓದಿದಳು. ಅಷ್ಟು ಹೊತ್ತು ಗಂಡ ಕಾದ. ಅವನು ಅವಳಿಗಾಗಿ ಕಾದದ್ದನ್ನು ನಾವು ಬೇರೆಲ್ಲೂ ನೋಡುವುದಿಲ್ಲ.

ಎರಡನೇ ಪ್ರಶ್ನೆ ಒಬ್ಬ ಕಾಲೇಜು ಹುಡುಗಿಯದು. ಆಕೆ ಸ್ವಲ್ಪ ಹಿಂಜರಿದೇ ಕೇಳಿದಳು: “ಏಳನೇ ಮಗು ಹುಟ್ಟಿದರೆ ಅದು ಯಾರದು, ಸರ್?”

ಸಭೆಯಲ್ಲಿ ನಗು ಎದ್ದಿತು, ಆದರೆ ಅವತ್ತಿನ ಒಳ್ಳೆಯ ಪ್ರಶ್ನೆ ಅದೇ. ಎಮಾನುಯೆಲೆ ಮೆರವಣಿಗೆಯ ಗುಂಗಿನಲ್ಲೇ ಮನೆಗೆ ಬಂದಿದ್ದಾನೆ. ಇವತ್ತೇ ಏಳನೆಯದಕ್ಕೆ ಶುರು ಮಾಡೋಣ, ಗಂಡಾದರೆ ಅಡೋಲ್ಫೊ ಅಂತ ಹೆಸರಿಡೋಣ ಅನ್ನುತ್ತಿದ್ದಾನೆ. ಅದೇ ಮಧ್ಯಾಹ್ನ ಏನಾಗಿದೆ ಅನ್ನುವುದು ನಮಗೆ ಗೊತ್ತು. ಸ್ಕೋಲಾ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ, ಬೇಕು ಅಂತಲೇ ಬಿಟ್ಟಿದ್ದಾರೆ ಅಂತ ನನ್ನ ಅಂದಾಜು. ಆದರೆ ಅಲ್ಲಿನ ಕಾನೂನಿಗೆ ಯಾವ ಗೊಂದಲವೂ ಇರಲಿಲ್ಲ. ಮದುವೆಯಾದವಳ ಹೊಟ್ಟೆಯಲ್ಲಿ ಹುಟ್ಟಿದ್ದು ಗಂಡನದೇ. ಆರನೇ ಮಹಡಿಯ ಬಾಡಿಗೆದಾರನ ಮಗುವೇ ಆಗಿದ್ದರೂ ಹೆಸರು ಅಡೋಲ್ಫೊ ಅಂತಲೇ ಇರುತ್ತಿತ್ತು, ಬಹುಮಾನ ಎಮಾನುಯೆಲೆಯೇ ಹೋಗಿ ತರುತ್ತಿದ್ದ.